ಗೊಂಬೆಯ ಬುಡ ನೋಡಿ ಕೊಳ್ಳಿ: ದಸರಾ ಅಂಗಡಿಯ ಮರ, ಅರಗು, ಮಣ್ಣು, ಕಾಗದ, ಪಿಒಪಿ ಗೊಂಬೆಗಳ ವಿಮರ್ಶೆ

ಗಣೇಶನನ್ನು ನೀರಿಗೆ ಬಿಡುತ್ತಿದ್ದಂತೆ ಗಾಂಧಿ ಬಜಾರು, ಮಲ್ಲೇಶ್ವರ, ಮೈಸೂರಿನ ಪೇಟೆಬೀದಿಗಳಲ್ಲಿ ಗೊಂಬೆಗಳು ಅಂಗಡಿಯಿಂದ ಫುಟ್‌ಪಾತಿಗೆ ಇಳಿಯುತ್ತವೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಐದಾರು ವರ್ಷ ಕಳೆದು ಅಟ್ಟದಿಂದ ಇಳಿಸಿದಾಗಲೇ ಯಾವುದು ಏನು ಅಂತ ತಿಳಿಯುವುದು. ಒಂದರ ಬೆರಳು ಉದುರಿರುತ್ತದೆ, ಒಂದರ ಕೆನ್ನೆಯ ಬಣ್ಣ ಹಪ್ಪಳದ ಹಾಗೆ ಎದ್ದಿರುತ್ತದೆ, ಪಕ್ಕದಲ್ಲಿದ್ದ ಇನ್ನೊಂದು ನಿನ್ನೆ ತಂದ ಹಾಗೆ ಇರುತ್ತದೆ. ಈ ವ್ಯತ್ಯಾಸವೆಲ್ಲ ಗೊಂಬೆ ಯಾವುದರಿಂದ ಆಗಿದೆ ಎಂಬುದರಲ್ಲಿದೆ. ಅದನ್ನು ಹೇಳುವುದು ಗೊಂಬೆಯ ಬುಡ. ಮುಖಕ್ಕೆ ಮೂರು ಕೋಟು ಬಣ್ಣ ಬಳಿಯುವವರು ಬುಡಕ್ಕೆ ಸಾಮಾನ್ಯವಾಗಿ ಒಂದೂ ಬಳಿಯುವುದಿಲ್ಲ.

ಅಂಗಡಿಯಲ್ಲೇ ಗೊಂಬೆಯನ್ನು ಮಗುಚಿ. ಬಣ್ಣವಿಲ್ಲದ ಜಾಗಕ್ಕೆ ಉಗುರು ತಾಗಿಸಿ ಗೀಚಿ. ಸೀಮೆಸುಣ್ಣದ ಹಾಗೆ ಬಿಳಿ ಪುಡಿ ಬಂದರೆ ಅದು ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಬೆರಳಿಗೆ ಒಂದಿಷ್ಟು ನೀರು ಹಚ್ಚಿ ಒತ್ತಿದಾಗ ಬೆರಳು ಕೆಸರಾದರೆ ಸುಡದ ಮಣ್ಣು. ನೀರನ್ನು ಸದ್ದಿಲ್ಲದೆ ಹೀರಿಕೊಂಡು ಬೆರಳು ಶುದ್ಧವಾಗಿಯೇ ಉಳಿದರೆ ಸುಟ್ಟ ಮಣ್ಣು. ಬೆರಳ ಗೆಣ್ಣಿನಿಂದ ತಟ್ಟಿದರೆ ಮಡಕೆಯ ಹಾಗೆ ಟಣ್ ಎನ್ನುತ್ತದೆ. ಗಾತ್ರಕ್ಕೆ ಹೋಲಿಸಿದರೆ ಹಗುರ, ಅಂಚಿನಲ್ಲಿ ಬೂದುಬಣ್ಣದ ನಾರು ಕಂಡರೆ ಕಾಗದದ ಗೊಂಬೆ. ಕೆಲವು ಕಡೆ ಬುಡಕ್ಕೂ ಬಣ್ಣ ಬಳಿದಿರುತ್ತಾರೆ ಇಲ್ಲವೆ ವೆಲ್ವೆಟ್ ಕಾಗದ ಅಂಟಿಸಿರುತ್ತಾರೆ. ಟೊಳ್ಳು ಗೊಂಬೆಯಾದರೆ ಗಾಳಿಗೆಂದು ಬಿಟ್ಟ ತೂತು ಎಲ್ಲೋ ಒಂದು ಕಡೆ ಇರುತ್ತದೆ, ಅದರ ಒಳಅಂಚು ನೋಡಿ. ಅದೂ ಇಲ್ಲವಾದರೆ ಕೇಳಿ ತಿಳಿಯಬೇಕು. ನೇರವಾಗಿ ಹೇಳಲು ಒಪ್ಪದ ಅಂಗಡಿಯಲ್ಲಿ ದುಬಾರಿ ಗೊಂಬೆ ಕೊಳ್ಳಬೇಡಿ.

ಪಟ್ಟದ ಗೊಂಬೆ

ಕಾಸು ಹಾಕುವುದಾದರೆ ಮೊದಲು ಇದಕ್ಕೆ ಹಾಕಿ. ರಾಜ-ರಾಣಿಯ ಜೋಡಿ, ಮದುವೆಯಲ್ಲಿ ಮಗಳ ಜೊತೆ ಕಳಿಸುವ ಪದ್ಧತಿ ಹಳೇ ಮೈಸೂರಿನ ಮನೆಗಳಲ್ಲಿ ಇನ್ನೂ ಇದೆ. ಒಳ್ಳೆಯ ಜೋಡಿ ರಕ್ತಚಂದನದ್ದು. ಬಹಳಷ್ಟು ತಿರುಪತಿ ಕಡೆಯಿಂದ ಬರುತ್ತದೆ. ಈ ಮರ ಎಷ್ಟು ಒತ್ತಾದದ್ದೆಂದರೆ ಆರಂಗುಲದ ಗೊಂಬೆಯೂ ಕೈಯಲ್ಲಿ ಕಲ್ಲಿನ ಹಾಗೆ ತೂಗುತ್ತದೆ. ಮರ ಕೊರೆಯುವ ಕುಟ್ಟೆ ಹುಳು ಹಿಡಿಯುವುದು ಬಲು ಅಪರೂಪ.

ಇದರಲ್ಲೇ ಮೋಸವೂ ಹೆಚ್ಚು. ಯಾವುದೋ ಹಗುರ ಮರಕ್ಕೆ ಕೆಂಪು ಬಣ್ಣ ಕುಡಿಸಿ ರಕ್ತಚಂದನ ಅಂತ ಮಾರುತ್ತಾರೆ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಬುಡವನ್ನು ಹಗುರವಾಗಿ ಒರೆಸಿ. ಬಟ್ಟೆಗೆ ಕೆಂಪು ಢಾಳಾಗಿ ಹತ್ತಿದರೆ ಅದು ಹಾಕಿದ ಬಣ್ಣ. ರಕ್ತಚಂದನದ ಕೆಂಪು ನೀರಿಗೆ ಸುಲಭಕ್ಕೆ ಬಿಡುವುದಿಲ್ಲ, ಸ್ಪಿರಿಟ್ಟಿಗೆ ಬಿಡುತ್ತದೆ. ಹಾಗಾಗಿ ಮನೆಯಲ್ಲಿ ಈ ಗೊಂಬೆಯನ್ನು ಸ್ಯಾನಿಟೈಸರ್ ಹಾಕಿ ಒರೆಸಲೇಬಾರದು. ಕೆತ್ತನೆಯಲ್ಲಿ ಮೂಗು ಮತ್ತು ಕೈ ನೋಡಿ. ಕೈಗಳು ದೇಹಕ್ಕೆ ಅಂಟಿಕೊಂಡೇ ಕೆತ್ತಿದ್ದರೆ ಒಳ್ಳೆಯದು. ಬೇರೆ ತುಂಡು ಮಾಡಿ ಅಂಟಿಸಿದ್ದರೆ ಮೊದಲು ಬಿಡುವುದೇ ಆ ಜಾಗ.

ಬೆಲೆ ಎತ್ತರದ ಜೊತೆ ಏಣಿ ಹತ್ತಿದ ಹಾಗೆ ಏರುತ್ತದೆ. ಐದು ಮೆಟ್ಟಿಲಲ್ಲಿ ಗೊಂಬೆ ಕೂರಿಸುವ ಮನೆಗೆ ಎಂಟರಿಂದ ಹತ್ತಂಗುಲದ ಜೋಡಿ ಧಾರಾಳ ಸಾಕು. ಅಲಂಕಾರದ ಸೀರೆ, ಪೇಟ, ಜರಿಕಾಗದವನ್ನು ದಾರದಲ್ಲಿ ಕಟ್ಟಬೇಕು, ಪುಟ್ಟ ಟಾಕಿ ಹಾಕಬೇಕು. ಅಂಟು ಹಾಕಿದರೆ ಮುಂದಿನ ವರ್ಷ ಹೊಸ ಬಟ್ಟೆ ಉಡಿಸುವಾಗ ಹಳೆಯದನ್ನು ಕೆರೆಯಬೇಕಾಗುತ್ತದೆ, ಕೆರೆದ ಗೀರು ಶಾಶ್ವತ. ವರ್ಷಕ್ಕೊಮ್ಮೆ ಕೊಬ್ಬರಿ ಎಣ್ಣೆ ಒಂದೆರಡು ತೊಟ್ಟು ಬಟ್ಟೆಗೆ ಹಾಕಿ ಒರೆಸಿದರೆ ಮರ ಜೀವ ಪಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಜಿಡ್ಡಿಗೆ ಧೂಳು ಕೂತು ಕಪ್ಪಾಗುತ್ತದೆ.

ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸುವವರಿಗೆ ಒಂದು ಮಾತು. ರಕ್ತಚಂದನ, ಅಳಿವಿನಂಚಿನ ಜೀವಿ-ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಕಾಗದಪತ್ರವಿಲ್ಲದೆ ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವಂತಿಲ್ಲ. ಆಸ್ಟ್ರೇಲಿಯಾಕ್ಕಾದರೆ ಯಾವ ಮರದ ಗೊಂಬೆಯನ್ನೂ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು. ಹೊರದೇಶಕ್ಕೆ ಕಳಿಸಲು ರಕ್ತಚಂದನಕ್ಕಿಂತ ಚನ್ನಪಟ್ಟಣದ ರಾಜ-ರಾಣಿ ಜೋಡಿಯೇ ವಾಸಿ.

ಚನ್ನಪಟ್ಟಣದ ಅರಗಿನ ಗೊಂಬೆ

ನಮ್ಮ ಲೆಕ್ಕದಲ್ಲಿ ಇದಕ್ಕೇ ಮೊದಲ ಸ್ಥಾನ. ಒಂಬತ್ತು ದಿನದ ಮೆಟ್ಟಿಲಿಗೂ ಸೈ, ಉಳಿದ ದಿನಗಳಲ್ಲಿ ಪಡಸಾಲೆಯ ಶೆಲ್ಫಿಗೂ ಸೈ. ಮಕ್ಕಳ ಕೈಗೆ ಸಿಕ್ಕರೂ ಎದೆ ಧಸಕ್ಕೆನ್ನುವುದಿಲ್ಲ.

ಸಾಂಪ್ರದಾಯಿಕವಾಗಿ ಇದು ಆಲೆಮರದ ಕೆಲಸ. ದಂತದ ಬಿಳುಪು, ಒತ್ತಾದ ಎಳೆ, ಹಗುರ. ಕಡಿದು ತಿಂಗಳುಗಟ್ಟಲೆ ಒಣಗಿಸಿ ಲೇತಿಗೆ ಹಾಕುತ್ತಾರೆ. ಮರ ಗಿರಗಿರನೆ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯನ್ನು ಮಡಿಸಿ ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಮೆರುಗು ಏಳುತ್ತದೆ. ಈ ಕ್ರಮ ಗೊತ್ತಿದ್ದರೆ ಅಸಲಿ-ನಕಲಿ ಗುರುತಿಸುವುದು ಸುಲಭ. ಲೇತಿನ ಮೇಲೆ ಹಚ್ಚಿದ ಅರಗಿನಲ್ಲಿ ಕುಂಚದ ಗೆರೆ ಇರುವುದಿಲ್ಲ. ಕೆಂಪು ಮುಗಿದು ಹಳದಿ ಶುರುವಾಗುವ ಜಾಗ ಬಳೆಯ ಅಂಚಿನಂತೆ ಚೂಪಾಗಿರುತ್ತದೆ. ಎನಾಮೆಲ್ ಬಳಿದ ನಕಲಿಯಲ್ಲಿ ಬಣ್ಣ ಸಂದುಗಳಲ್ಲಿ ಕಟ್ಟಿಕೊಂಡಿರುತ್ತದೆ, ಕೆಳಗಡೆ ಒಂದೆರಡು ಹನಿ ಇಳಿದು ಒಣಗಿರುತ್ತದೆ, ಮೂಸಿದರೆ ಪೇಂಟಿನ ವಾಸನೆ. ಕಣ್ಣು, ಮೀಸೆ, ಹಣೆಯ ಕುಂಕುಮವನ್ನು ಮಾತ್ರ ಅಸಲಿಯಲ್ಲೂ ಕುಂಚದಿಂದಲೇ ಬರೆಯುತ್ತಾರೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಬುಡ ತಿರುಗಿಸಿದರೆ ಲೇತಿನ ಉಂಗುರದಂಥ ಗೆರೆಗಳೂ ನಡುವೆ ಒಂದು ಚುಕ್ಕೆಯೂ ಕಾಣಬೇಕು. ಮರ ಬಿಳಿ ಇರಬೇಕು. ಕಂದು ಇಲ್ಲವೆ ಗುಲಾಬಿ ಛಾಯೆಯಿದ್ದರೆ ಬೇರೆ ಮರ. ಇತ್ತೀಚೆಗೆ ರಬ್ಬರ್ ಮರ, ಸಿಲ್ವರ್ ಓಕ್ ಕೂಡ ಬಳಕೆಗೆ ಬಂದಿದೆ. ಅದು ತಪ್ಪಲ್ಲ, ಆದರೆ ಆಲೆಮರದ ಬೆಲೆ ಕೊಡಬಾರದು. ಸೂಜಿಮೊನೆಯಷ್ಟು ತೂತು, ಅದರ ಬಾಯಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಅದು ಕುಟ್ಟೆ. ಎಷ್ಟು ಅಗ್ಗವಾದರೂ ಮನೆಗೆ ತರಬೇಡಿ, ಮಿಕ್ಕ ಗೊಂಬೆಗೂ ಹತ್ತುತ್ತದೆ.

ಈ ಗೊಂಬೆಗೆ ಶತ್ರುಗಳು ಮೂರು. ಮೊದಲನೆಯದು ಬಿಸಿ. ದೀಪದ ಕಂಬದಿಂದ ಎರಡಡಿಯಾದರೂ ದೂರವಿಡಿ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಬಣ್ಣ ಮಾಸುತ್ತದೆ, ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎರಡನೆಯದು ಸ್ಪಿರಿಟ್. ಅರಗು ಅದರಲ್ಲಿ ಕರಗುವ ವಸ್ತು, ಸ್ಯಾನಿಟೈಸರ್ ಕೈಯಲ್ಲಿ ಮುಟ್ಟಿದರೂ ಮೆರುಗು ಮಂಕಾಗುತ್ತದೆ. ಚಕ್ಕೆ ಎದ್ದ ಕಡೆ ನೇಲ್ ಪಾಲಿಶ್ ಹಚ್ಚಿ ಮುಚ್ಚುವ ಅಭ್ಯಾಸವೂ ಬೇಡ. ಮೂರನೆಯದು ನೀರು. ಒದ್ದೆ ಬಟ್ಟೆ ತಾಗಿದ ಕಡೆ ಹಾಲಿನ ಕೆನೆಯಂಥ ಬಿಳಿ ಮಚ್ಚೆ ಬರುತ್ತದೆ. ಗಾಳಿಯಾಡುವ ನೆರಳಲ್ಲಿ ಬಿಟ್ಟರೆ ಎಷ್ಟೋ ಸಲ ತಾನೇ ಹೋಗುತ್ತದೆ. ಒಣ ಹತ್ತಿ ಬಟ್ಟೆ, ಸಂದಿಗೆ ಒಣ ಕುಂಚ, ಇಷ್ಟೇ ಇದರ ಶುಚಿಯ ಸಾಮಾನು.

ಎಲ್ಲಿ ಕೊಳ್ಳಬೇಕು? ಊರಿಗೇ ಹೋಗಿ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಹೊಸ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿ ಸಾಗುತ್ತದೆ, ಹಳೇ ಮೈಸೂರು ರಸ್ತೆಗೆ ಇಳಿಯಬೇಕು. ರಸ್ತೆಬದಿಯ ಅಂಗಡಿಗಳಲ್ಲಿ ಬೇರೆ ಕಡೆಯ ಪ್ಲಾಸ್ಟಿಕ್ ಆಟಿಕೆಯೂ ಬೆರೆತಿರುತ್ತದೆ. ಕಲಾನಗರದ ಕಡೆ ಹೋದರೆ ಲೇತಿನ ಪಕ್ಕದಲ್ಲೇ ನಿಂತು ಕೊಳ್ಳಬಹುದು, ಮುರಿದ ಗೊಂಬೆಗೆ ಹೊಸ ತಲೆ ಕಡೆಸಿಕೊಳ್ಳಲೂಬಹುದು. ದುರಸ್ತಿಯ ಈ ಅವಕಾಶವನ್ನು ಲೆಕ್ಕಕ್ಕೆ ಹಿಡಿದರೆ ಇದರ ಬೆಲೆ ನಿಜಕ್ಕೂ ಕಡಿಮೆ. ಓಡಾಡಲು ಆಗದವರಿಗೆ ರಾಜ್ಯ ಸರ್ಕಾರದ ಕಾವೇರಿ ಎಂಪೋರಿಯಂಗಳಿವೆ. ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯಿದೆ, ದೊಡ್ಡ ಅಂಗಡಿಯಲ್ಲಿ ಆ ಗುರುತು ಕೇಳುವುದರಲ್ಲಿ ಸಂಕೋಚವಿಲ್ಲ.

ಕಿನ್ನಾಳದ್ದು, ಮಣ್ಣಿನದು, ಕಾಗದದ್ದು

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ. ಚಿತ್ರಗಾರ ಮನೆತನಗಳ ಕೈಕೆಲಸ ಇದು. ಅವರ ಹಿರಿಯರೇ ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳನ್ನು ಬರೆದವರೆಂಬ ನಂಬಿಕೆಯಿದೆ. ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದುಗಳಿಗೆ ಮರದ ಹೊಟ್ಟು, ಗೋಣಿನಾರು, ಹುಣಸೆಬೀಜದ ಅಂಟು ಕಲಸಿದ ಕಿಟ್ಟ ಮೆತ್ತುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಒಡವೆಗಳು ಮೈಮೇಲೆ ಉಬ್ಬಿ ನಿಂತಿರುತ್ತವೆ. ಗರುಡ, ಕಾಮಧೇನು, ಗೌರಿ ಇವರ ಕೈಯಲ್ಲಿ ಚೆನ್ನಾಗಿ ಬರುತ್ತವೆ. ಮೆಟ್ಟಿಲಿನ ನಡುವೆ ಒಂದೇ ಒಂದು ಕಿನ್ನಾಳದ ಕಾಮಧೇನು ಇದ್ದರೆ ಸಾಕು, ಆ ಸಾಲಿಗೆಲ್ಲ ಕಳೆ ಬರುತ್ತದೆ. ಕೊಳ್ಳುವಾಗ ಕುತ್ತಿಗೆ ಮತ್ತು ಮೊಣಕೈಯ ಸುತ್ತ ಕೂದಲೆಳೆಯಷ್ಟು ಬಿರುಕು ಇದೆಯೇ ನೋಡಿ. ಮರ ಸರಿಯಾಗಿ ಒಣಗದಿದ್ದರೆ ಮೊದಲು ಬಾಯಿ ಬಿಡುವುದು ಅಲ್ಲಿಯೇ.

ಸುಟ್ಟ ಮಣ್ಣಿನ ಗೊಂಬೆ ಜಾಗ್ರತೆಯ ಮನೆಗೆ ನೂರು ವರ್ಷದ ಆಸ್ತಿ. ಬಿದ್ದರೆ ಮಾತ್ರ ಕಥೆ ಮುಗಿಯಿತು. ಸುಡದ ಮಣ್ಣಿನದಾದರೆ ಮಳೆಗಾಲದ ತೇವಕ್ಕೇ ಮೆತ್ತಗಾಗುತ್ತದೆ, ಮಲೆನಾಡು, ಕರಾವಳಿಯವರು ಆ ಕಡೆ ಹೋಗದಿರುವುದು ಲೇಸು.

ಕಾಗದದ ಗೊಂಬೆಗಳು ಹೆಚ್ಚಾಗಿ ತಮಿಳುನಾಡಿನಿಂದ ಬರುತ್ತವೆ. ಎತ್ತರದ ದಶಾವತಾರ ಸೆಟ್ಟು ಬೇಕು, ಅಟ್ಟಕ್ಕೆ ಹತ್ತಿಸಿ ಇಳಿಸುವವರು ವಯಸ್ಸಾದವರು ಎನ್ನುವ ಮನೆಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಬಿದ್ದರೆ ಚೂರಾಗುವುದಿಲ್ಲ, ತಗ್ಗು ಬೀಳುತ್ತದೆ. ಆ ತಗ್ಗನ್ನು ಟಿಶ್ಯೂ ಕಾಗದ, ಸೀಮೆಸುಣ್ಣದ ಪುಡಿ, ಹುಣಸೆಬೀಜದ ಅಂಟು ಕಲಸಿ ತುಂಬಿ, ಎರಡು ದಿನ ನೆರಳಲ್ಲಿ ಒಣಗಿಸಿ, ನಯವಾದ ಉಪ್ಪುಕಾಗದದಿಂದ ಉಜ್ಜಿ, ಅಕ್ರಿಲಿಕ್ ಬಣ್ಣ ಹಚ್ಚಿದರೆ ಗೊತ್ತೇ ಆಗುವುದಿಲ್ಲ. ಇಲಿ, ಗೆದ್ದಲು, ತೇವ ಈ ಮೂರರ ಭಯ ಮಾತ್ರ ಬಿಡದು.

ಪಿಒಪಿ

ಅಂಗಡಿಯ ಮುಕ್ಕಾಲು ಪಾಲು ಇದೇ. ಅಚ್ಚಿನಿಂದ ಬರುವುದರಿಂದ ಮುಖಲಕ್ಷಣ ತಿದ್ದಿ ತೀಡಿದ ಹಾಗಿರುತ್ತದೆ, ಬೆಲೆ ಕಡಿಮೆ. ಆದರೂ ನಾವು ಇದನ್ನು ಶಿಫಾರಸು ಮಾಡುವುದಿಲ್ಲ. ಬೆರಳು, ಬಿಲ್ಲು, ಕೊಳಲಿನಂಥ ತೆಳು ಭಾಗ ಸಣ್ಣ ಏಟಿಗೆ ಮುರಿಯುತ್ತದೆ. ಮುರಿದ ಜಾಗ ಪುಡಿಪುಡಿಯಾಗುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಗಾಳಿಯ ತೇವ ಹೀರಿ, ಒಣಗಿ, ಮತ್ತೆ ಹೀರಿ ನಾಲ್ಕೈದು ಮಳೆಗಾಲದಲ್ಲಿ ಮೇಲಿನ ಬಣ್ಣವನ್ನು ಎಬ್ಬಿಸುತ್ತದೆ. ಹಾಳಾದ ಮೇಲೆ ಕೆರೆಗೆ ಬಿಡಲೂಬಾರದು, ತಿಪ್ಪೆಗೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಹಾಕುವ ಹಣದಲ್ಲಿ ಹತ್ತು ಪಿಒಪಿ ಗೊಂಬೆ ಬರುವುದಾದರೆ ಎರಡೇ ಅರಗಿನ ಗೊಂಬೆ ಕೊಳ್ಳಿ. ಮುಂದಿನ ವರ್ಷ ಇನ್ನೆರಡು. ಮೆಟ್ಟಿಲು ತುಂಬಲೇಬೇಕು ಎಂಬ ಹಟ ಬಿಟ್ಟರೆ ಮೂರು ಮೆಟ್ಟಿಲಿನಲ್ಲೂ ಹಬ್ಬ ಕಳೆಗಟ್ಟುತ್ತದೆ.

ಮೆಟ್ಟಿಲು, ಬಟ್ಟೆ, ಬೆಳಕು

ಗೊಂಬೆಗೆ ಹತ್ತಾರು ಸಾವಿರ ಸುರಿದು ಇಲ್ಲಿ ಎಡವುವವರೇ ಹೆಚ್ಚು. ಬೆಸಸಂಖ್ಯೆಯ ಮೆಟ್ಟಿಲು, ಅಂದರೆ 3, 5, 7, 9, ಎಂಬುದು ಪದ್ಧತಿ. ಒಂದೊಂದರ ಅಗಲ 10 ಅಂಗುಲ, ಎತ್ತರ 8 ಅಂಗುಲ ಇದ್ದರೆ ಸಾಮಾನ್ಯ ಗಾತ್ರದ ಗೊಂಬೆಗೆ ಹದವಾಗಿರುತ್ತದೆ. ಐದು ಮೆಟ್ಟಿಲಿಗೆ ಗೋಡೆಯಿಂದ ನಾಲ್ಕಡಿ ಎರಡಂಗುಲ ಜಾಗ ಬೇಕು. ಅಂಗಡಿಯಲ್ಲಿ ಸಿಗುವ ಮಡಚುವ ಕಬ್ಬಿಣದ ಮೆಟ್ಟಿಲುಗಳಲ್ಲಿ ಎಷ್ಟೋ 7 ಅಂಗುಲ ಅಗಲದವು. ಪಟ್ಟದ ಗೊಂಬೆಯ ಸೀರೆ ಅಂಚಿನಾಚೆ ನೇತಾಡುತ್ತದೆ, ಆರತಿ ಎತ್ತುವಾಗ ಸೆರಗು ತಾಗಿದರೆ ಸಾಲಿಗೆ ಸಾಲೇ ಉರುಳುತ್ತದೆ. ಟೇಪು ಹಿಡಿದು ಅಳೆದೇ ಕೊಳ್ಳಿ. ತೂತುಗಳಿರುವ ಕಬ್ಬಿಣದ ಪಟ್ಟಿ, ಅಂದರೆ ಸ್ಲಾಟೆಡ್ ಆಂಗಲ್‌ನಲ್ಲಿ ಮಾಡಿಸಿ 12 ಮಿ.ಮೀ. ಪ್ಲೈವುಡ್ ಹಾಸಿದರೆ ಖರ್ಚು ತುಸು ಹೆಚ್ಚು, ಆದರೆ ಬಳುಕುವುದಿಲ್ಲ, ಹಬ್ಬ ಮುಗಿದ ಮೇಲೆ ಪುಸ್ತಕದ ಗೂಡೂ ಆಗುತ್ತದೆ.

ಬಟ್ಟೆಗೆ ಅಚ್ಚ ಬಿಳಿ ಪಂಚೆಯನ್ನು ಮೀರಿದ್ದಿಲ್ಲ. ಎಂಟು ಮೊಳದ ಪಂಚೆ ಸುಮಾರು 3.6 ಮೀಟರು, ಅಂದರೆ 142 ಅಂಗುಲ. ಮೆಟ್ಟಿಲೊಂದಕ್ಕೆ 8 ಮತ್ತು 10 ಸೇರಿ 18 ಅಂಗುಲ. ಐದಕ್ಕೆ 90, ಏಳಕ್ಕೆ 126. ಏಳು ಮೆಟ್ಟಿಲಿನವರೆಗೂ ಒಂದೇ ಪಂಚೆ ಸಾಕು, ಹಿಂದೆ ಸಿಕ್ಕಿಸಲೂ ಉಳಿಯುತ್ತದೆ. ಮೆಟ್ಟಿಲಿನ ಉದ್ದ ನಾಲ್ಕಡಿ ಇದ್ದರೆ ಪಂಚೆಯ ಎರಡೂ ಅಂಚು ಎಡಬಲದಲ್ಲಿ ಮೇಲಿಂದ ಕೆಳಗೆ ನೇರ ಇಳಿದು ಚೌಕಟ್ಟು ಕಟ್ಟಿದ ಹಾಗಾಗುತ್ತದೆ. ಒಂಬತ್ತು ಮೆಟ್ಟಿಲಾದರೆ ಹಳೇ ಹತ್ತಿ ಸೀರೆ ಬೇಕು. ಹೊಳೆಯುವ ಸ್ಯಾಟಿನ್ ಬೇಡ: ಗೊಂಬೆ ಜಾರುತ್ತದೆ, ಬೆಳಕು ಬಟ್ಟೆಯಿಂದಲೇ ಕಣ್ಣಿಗೆ ರಾಚಿ ಅರಗಿನ ಮೆರುಗು ಸತ್ತುಹೋಗುತ್ತದೆ. ಹಿಂದಿನ ಗೋಡೆಗೆ ಒಂದೇ ಗಾಢ ಬಣ್ಣದ ಇಳಕಲ್ ಸೀರೆಯನ್ನೋ ಖಣವನ್ನೋ ಇಳಿಬಿಡಿ. ಕಡುನೀಲಿ, ಎಲೆಹಸಿರು, ಇಟ್ಟಿಗೆ ಕೆಂಪು ಇವುಗಳ ಮುಂದೆ ಚನ್ನಪಟ್ಟಣದ ಹಳದಿ ಎದ್ದು ಕಾಣುತ್ತದೆ. ಜರಿ, ಹೂವಿನ ಚಿತ್ತಾರದ ಪರದೆಯ ಮುಂದೆ ಗೊಂಬೆಗಳು ಕಳೆದೇಹೋಗುತ್ತವೆ.

ಮಿಣಮಿಣ ಮಿಂಚುವ ಸೀರಿಯಲ್ ಸೆಟ್ಟನ್ನು ಬಾಗಿಲಿಗೆ ಹಾಕಿ, ಗೊಂಬೆಗಳ ಹಿಂದೆ ಬೇಡ. ಹಿಂದಿನಿಂದ ಬೆಳಕು ಬಂದರೆ ಮುಖ ಕಪ್ಪಾಗಿ ಕಾಣುತ್ತದೆ. ಪ್ರತಿ ಮೆಟ್ಟಿಲಿನ ಮುಂದಿನ ಅಂಚಿನ ಅಡಿಯಲ್ಲಿ, ಬಟ್ಟೆಯ ಮರೆಯಲ್ಲಿ, 3000 ಕೆಲ್ವಿನ್ನಿನ, ಅಂದರೆ ತಿಳಿಹಳದಿ ಬೆಳಕಿನ, ಎಲ್‌ಇಡಿ ಪಟ್ಟಿ ಅಂಟಿಸಿದರೆ ಕೆಳಗಿನ ಸಾಲಿಗೆ ಮೇಲಿನಿಂದ ಮೆಲುಬೆಳಕು ಬೀಳುತ್ತದೆ. ಡಬ್ಬಿಯ ಮೇಲೆ ಸಿಆರ್‌ಐ 90 ಎಂದಿರುವುದನ್ನು ಆರಿಸಿ, ಬಣ್ಣಗಳನ್ನು ಬೆಳಕು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. 6500 ಕೆಲ್ವಿನ್ನಿನ ಬೆಳ್ಳನೆ ಬೆಳಕಿನಲ್ಲಿ ಅರಿಶಿನ ಹಸಿರಿಗೆ ತಿರುಗುತ್ತದೆ, ಕುಂಕುಮ ಇಟ್ಟಿಗೆ ಪುಡಿಯಾಗುತ್ತದೆ.

ಜೋಡಣೆಯಲ್ಲಿ ಮೇಲೆ ಕಳಶ ಮತ್ತು ಪಟ್ಟದ ಗೊಂಬೆ, ಕೆಳಕ್ಕೆ ಬರುತ್ತಾ ದೇವರು, ರಾಜರು, ಸಂತರು, ಕೊನೆಗೆ ಶೆಟ್ಟಿ-ಶೆಟ್ಟಮ್ಮನ ಅಂಗಡಿ. ಶೆಟ್ಟಿಯ ಮುಂದಿಡಲು ಗೋಕಾಕದ ಬಣ್ಣದ ಹಣ್ಣು-ತರಕಾರಿ ಸಿಕ್ಕರೆ ಬಿಡಬೇಡಿ. ನೋಡಲು ಬಂದವರು ಚಾಪೆಯ ಮೇಲೆ ಕೂರುವವರು ಎಂಬುದನ್ನು ಮರೆಯದೆ ನುಣುಪು ಕೆಲಸದ ಪುಟ್ಟ ಗೊಂಬೆಗಳನ್ನು ಕೆಳಗಿನಿಂದ ಮೂರು, ನಾಲ್ಕನೇ ಮೆಟ್ಟಿಲಿನಲ್ಲಿಡಿ, ಅವರ ಕಣ್ಣು ಅಲ್ಲೇ ಇರುತ್ತದೆ.

ನೆಲದ ಮೇಲಿನ ತೋಟಕ್ಕೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಮಾರುತ್ತಾರೆ, ಕೊಳ್ಳಬೇಡಿ. ಅರ್ಧ ಪಾವು ರಾಗಿಯನ್ನು ರಾತ್ರಿ ನೆನೆಹಾಕಿ, ಒಂದಂಗುಲ ಮಣ್ಣು ಹಾಕಿದ ಅಗಲ ತಟ್ಟೆಯಲ್ಲಿ ಒತ್ತಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಮಣ್ಣಿನಿಂದ ತಲೆ ಎತ್ತಿದ ಕೂಡಲೇ ಬಟ್ಟೆ ತೆಗೆದು ಬೆಳಕಿಗಿಡಬೇಕು, ತಡಮಾಡಿದರೆ ಹಳದಿಯಾಗಿ ಸೋತು ಮಲಗುತ್ತದೆ. ಪಾಡ್ಯಕ್ಕೆ ಆರು ದಿನ ಮೊದಲು ಬಿತ್ತಿದರೆ ಗೊಂಬೆ ಕೂರಿಸುವ ಹೊತ್ತಿಗೆ ಒಂದಂಗುಲದ ಎಳೆಹಸಿರು ಸಿದ್ಧ. ನೀರನ್ನು ಚಿಮುಕಿಸಬೇಕು, ಸುರಿಯಬಾರದು, ತಟ್ಟೆಯನ್ನು ಮರದ ಗೊಂಬೆಗಳಿಂದ ಒಂದು ಗೇಣು ದೂರವಿಡಬೇಕು.

ಎತ್ತಿಡುವಾಗ

ಹೊಸ ಗೊಂಬೆಗಳಿಗೆ ಅಂಗಡಿಯವರು ಸುತ್ತಿಕೊಡುವ ಬಬಲ್ ಶೀಟನ್ನು ಮನೆಗೆ ಬಂದ ದಿನವೇ ಬಿಚ್ಚಿ. ಒಳಗೆ ತೇವ ಕಟ್ಟುತ್ತದೆ, ಬೇಸಿಗೆಯ ಸೆಕೆಗೆ ಬಣ್ಣದ ಮೇಲೆ ಗುಳ್ಳೆಯ ಅಚ್ಚು ಬೀಳುತ್ತದೆ. ಪತ್ರಿಕೆಯ ಕಾಗದವೂ ನೇರ ತಾಗಬಾರದು, ಮಸಿ ತಿಳಿಬಣ್ಣದ ಮುಖಕ್ಕೆ ಹತ್ತುತ್ತದೆ. ಹಳೇ ಹತ್ತಿ ಪಂಚೆಯನ್ನು ಚೌಕಾಕಾರ ಹರಿದು ಒಂದೊಂದನ್ನೂ ಸುತ್ತಿ, ಆಮೇಲೆ ಬೇಕಾದರೆ ಕಾಗದ. ಹುಳು ಬಾರದಿರಲು ಪೆಟ್ಟಿಗೆಯ ಮೂಲೆಗಳಲ್ಲಿ ಬಜೆಯ ತುಂಡು ಮತ್ತು ಒಣಗಿದ ಬೇವಿನೆಲೆಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಡಿ. ನುಸಿಗುಳಿಗೆಯನ್ನೇ ಹಾಕುವುದಾದರೆ ಗೊಂಬೆಗೆ ತಾಗದಂತೆ ಬೇರೆ ಪೊಟ್ಟಣದಲ್ಲಿರಲಿ. ಎಲೆ ಚೆನ್ನಾಗಿ ಒಣಗಿರಬೇಕು, ಹಸಿ ಇದ್ದರೆ ಅದರಿಂದಲೇ ಬೂಷ್ಟು ಶುರು.

ಭಾರದ ಮಣ್ಣು ತಳಕ್ಕೆ, ಅದರ ಮೇಲೆ ಅರಗು, ಕಾಗದದ್ದು ಕೊನೆಗೆ. ಸೆಟ್ಟಿನ ಗೊಂಬೆಗಳ ಬುಡದಲ್ಲಿ ಪೆನ್ಸಿಲ್ಲಿನಿಂದ ಮೆಟ್ಟಿಲು ಮತ್ತು ಕ್ರಮಸಂಖ್ಯೆ ಬರೆದಿಟ್ಟರೆ ಮುಂದಿನ ವರ್ಷ ಅರ್ಧ ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ವಿಜಯದಶಮಿಯ ರಾತ್ರಿ ಮಲಗಿಸಿದ ಪಟ್ಟದ ಗೊಂಬೆಯನ್ನು ಎಲ್ಲಕ್ಕಿಂತ ಕೊನೆಗೆ ಸುತ್ತಿ ಪೆಟ್ಟಿಗೆಯ ಮೇಲ್ಗಡೆ ಇಡಿ, ಬರುವ ಪಾಡ್ಯದ ಬೆಳಿಗ್ಗೆ ಮೊದಲು ಕೈಗೆ ಸಿಗಬೇಕಾದದ್ದು ಅದೇ.